ಯಶವಂತಪುರದ ಜಪಾನ್ ರೈಲು

ಮೊನ್ನೆ ಆರ್.ಟಿ. ನಗರದ ಆಟಿಕೆ ಅಂಗಡಿಯೊಂದರಲ್ಲಿ ನಾನು ಮಾನ ಕಳೆದುಕೊಂಡೆ. ಗೆಳತಿಯ ಮೊಮ್ಮಗನ ಹುಟ್ಟುಹಬ್ಬಕ್ಕೆ ಏನಾದರೂ ಕೊಳ್ಳೋಣವೆಂದು ಹೋಗಿದ್ದೆ. ಅಂಗಡಿಯಾತ ಒಂದು ರೈಲಿನ ಪೆಟ್ಟಿಗೆ ತಂದು ಮುಂದಿಟ್ಟು, "ಇಂಪೋರ್ಟೆಡ್ ಪೀಸ್ ಆಂಟಿ" ಎಂದ. ಆ ಒಂದು ಮಾತು ಸಾಕಾಯಿತು ನೋಡಿ. ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ಎತ್ತಿ, ಮುಚ್ಚಳವನ್ನು ಒಂದಿಷ್ಟೇ ಸರಿಸಿ, ಸಂದಿಗೆ ಮೂಗಿಟ್ಟು ಜೋರಾಗಿ ಉಸಿರೆಳೆದೆ. ಆತ ಗಾಬರಿಯಾಗಿ, "ಆಂಟಿ, ಅದು ತಿನ್ನೋ ಐಟಮ್ ಅಲ್ಲ" ಎಂದ. ಪಕ್ಕದಲ್ಲಿದ್ದ ಹೆಂಗಸು ತನ್ನ ಮಗುವನ್ನು ಮೆಲ್ಲಗೆ ಆಚೆಗೆ ಎಳೆದುಕೊಂಡಳು.

ಅವರಿಗೇನು ಗೊತ್ತು! ನಾನು ಬೆಳೆಯುವ ಕಾಲದಲ್ಲಿ ಫಾರಿನ್ ಎಂದರೆ ನಮಗೆಲ್ಲ ಒಂದು ವಾಸನೆ. ಹೊರದೇಶಕ್ಕೆ ಹೋಗಿ ಬಂದವರು ಪೆಟ್ಟಿಗೆ ತೆರೆದರೆ ಸೋಪು, ಪ್ಲಾಸ್ಟಿಕ್ಕು, ಹೊಸ ರಟ್ಟು ಎಲ್ಲ ಬೆರೆತ ಒಂದು ಘಮಲು ಬೀದಿಯ ಕೊನೆಯವರೆಗೂ ಬರುತ್ತಿತ್ತು. ಅವರು ಪೆನ್ನು ಕೊಟ್ಟರೆ ಮೊದಲು ಮೂಸಿ, ಆಮೇಲೆ ಬರೆಯುತ್ತಿದ್ದೆವು. ಯಾರೋ ಕೊಟ್ಟ ಫಾರಿನ್ ಸೋಪೊಂದನ್ನು ನಮ್ಮಮ್ಮ ಸೀರೆಗಳ ನಡುವೆ ಇಟ್ಟು ನಾಲ್ಕು ವರ್ಷ ಕಾಪಾಡಿದ್ದಳು. ಕೊನೆಗೊಂದು ದಿನ ಮನಸ್ಸು ಗಟ್ಟಿಮಾಡಿ ಮೈಗೆ ಹಚ್ಚಿದರೆ ನೊರೆಯೂ ಇಲ್ಲ, ಪರಿಮಳವೂ ಇಲ್ಲ. ಆದರೂ, "ಎಷ್ಟಾದ್ರೂ ಫಾರಿನ್ದು ಫಾರಿನ್ದೇ" ಎಂದುಕೊಂಡೇ ಬಚ್ಚಲಿಂದ ಆಚೆ ಬಂದಳು.

ಆರ್.ಟಿ. ನಗರದ ಪೆಟ್ಟಿಗೆಯಲ್ಲಿ ಅಂಥ ವಾಸನೆ ಏನೂ ಇರಲಿಲ್ಲ. ಆದರೆ ಮೂಗು ಸುಮ್ಮನಿರಬೇಕಲ್ಲ, ನನ್ನನ್ನು ಎಳೆದುಕೊಂಡು ಹೋಗಿ ಯಶವಂತಪುರದ ವಾಸುದೇವರಾಯರ ಗಾಜಿನ ಬೀರುವಿನ ಮುಂದೆ ನಿಲ್ಲಿಸಿಬಿಟ್ಟಿತು.

ವಾಸುದೇವರಾಯರು ನಮ್ಮ ಮನೆಯ ಮಾಲೀಕರು. ಮುಂದುಗಡೆ ಅವರ ದೊಡ್ಡ ಮನೆ, ಹಿಂದುಗಡೆ ಬಾವಿಯ ಪಕ್ಕದಲ್ಲಿ ನಮ್ಮ ಎರಡು ಕೋಣೆಯ ಶೀಟಿನ ಮನೆ. ಅಷ್ಟು ಸಾಲದು ಎಂಬಂತೆ, ನಮ್ಮಪ್ಪ ಫಿಟ್ಟರ್ ಆಗಿದ್ದ ಕಾರ್ಖಾನೆಯಲ್ಲೇ ರಾಯರು ದೊಡ್ಡ ಆಫೀಸರು. ಅಪ್ಪನನ್ನು ನಾವು ಅಣ್ಣ ಎನ್ನುತ್ತಿದ್ದೆವು. ಆಗ ಎಷ್ಟೋ ಮನೆಗಳಲ್ಲಿ ಹಾಗೇ. ಹೀಗಾಗಿ ಅಣ್ಣನಿಗೆ ರಾಯರು ಹಗಲೆಲ್ಲ ಸಾಹೇಬರು, ಸಂಜೆಗೆ ಮಾಲೀಕರು. ನಡುವೆ ಅವನು ಯಾರ ಅಧೀನವೂ ಅಲ್ಲದೆ ಇರುತ್ತಿದ್ದುದು ಸೈಕಲ್ಲು ತುಳಿದು ಮನೆಗೆ ಬರುವ ಅರ್ಧ ಗಂಟೆ ಮಾತ್ರ.

ನಾನು ಹುಟ್ಟುವುದಕ್ಕೂ ಮುಂಚೆ ಕಾರ್ಖಾನೆಯವರು ರಾಯರನ್ನು ತರಬೇತಿಗೆಂದು ಆರು ತಿಂಗಳು ಜಪಾನಿಗೆ ಕಳಿಸಿದ್ದರಂತೆ. ಜೊತೆಯಲ್ಲಿ ಹೋದವರೆಲ್ಲ ಟ್ರಾನ್ಸಿಸ್ಟರು, ನೈಲಾನ್ ಸೀರೆ ಹೊತ್ತು ತಂದರೆ ರಾಯರು ತಂದದ್ದು ರೈಲು. ಗೇಣುದ್ದವೂ ಇಲ್ಲದ ಹಿತ್ತಾಳೆಯ ಕಪ್ಪು ಇಂಜಿನ್ನು, ನಾಲ್ಕು ಬೋಗಿ, ಒಂದು ರಾಶಿ ಹಳಿ. ರಾಯರ ಹೆಂಡತಿ ಸೀತತ್ತೆ ಬಾವಿಕಟ್ಟೆಯ ಮೇಲೆ ಕೂತಾಗಲೆಲ್ಲ ಅಮ್ಮನ ಹತ್ತಿರ ಅದೇ ದೂರು ಹೇಳುತ್ತಿದ್ದರು. "ಆರು ತಿಂಗಳು ದಾರಿ ಕಾದಿದ್ದಕ್ಕೆ ನಂಗೆ ಉಗಿಬಂಡಿ ಬಂತು ಕಣೇ. ಅದನ್ನೇ ಉಟ್ಕೋ ಅಂದ್ರು."

ಆ ರೈಲು ಒಳಗೆ ಬಂದದ್ದೇ ಒಂದು ಕಥೆ. ಆಗ ಹೊರದೇಶದ ಸಾಮಾನು ಎಂದರೆ ಸರ್ಕಾರಕ್ಕೆ ಆಗುತ್ತಿರಲಿಲ್ಲ. ಮದರಾಸಿನ ವಿಮಾನ ನಿಲ್ದಾಣದಲ್ಲಿ ಕಸ್ಟಮ್ಸಿನವರು ಪೆಟ್ಟಿಗೆ ಬಿಚ್ಚಿಸಿ, "ಇದು ಆಟದ ಸಾಮಾನೋ, ಯಂತ್ರವೋ?" ಎಂದು ಕೇಳಿದರಂತೆ. ಯಂತ್ರ ಎಂದರೆ ಲೈಸೆನ್ಸ್ ಬೇಕು. ರಾಯರು ಎದೆಯ ಮೇಲೆ ಕಲ್ಲು ಇಟ್ಟುಕೊಂಡು, "ಆಟದ ಸಾಮಾನು" ಎಂದರಂತೆ. "ನಾನು ಜೀವಮಾನದಲ್ಲಿ ಹೇಳಿದ್ದು ಅದೊಂದೇ ಸುಳ್ಳು" ಎಂದು ಹೇಳುವಾಗ ಅವರು ನಿಜವಾಗಿ ಕೆನ್ನೆ ಬಡಿದುಕೊಳ್ಳುತ್ತಿದ್ದರು.

ಪ್ರತಿ ಭಾನುವಾರ ಬೆಳಿಗ್ಗೆ ಹತ್ತಕ್ಕೆ ನಡುಮನೆಯ ತೇಗದ ಮೇಜಿನ ಮೇಲೆ ಆ ರೈಲಿನ ಸೇವೆ. ಜಪಾನಿನ ಕರೆಂಟು ನಮ್ಮದರ ಅರ್ಧಕ್ಕಿಂತಲೂ ಕಮ್ಮಿ. ಅದಕ್ಕೆಂದು ನಮ್ಮ ಗೋಡೆಯ ಕರೆಂಟನ್ನು ಇಳಿಸಿಕೊಡುವ ಕಪ್ಪು ಕಬ್ಬಿಣದ ಪೆಟ್ಟಿಗೆಯೊಂದನ್ನು ರಾಯರು ಮಾಡಿಸಿದ್ದರು. ಮಂಚದ ಕೆಳಗಿಂದ ಅದನ್ನು ಎಳೆಯಲು ಅಣ್ಣನಿಗೆ ಬುಲಾವ್ ಬರುತ್ತಿತ್ತು. ಆ ಪೆಟ್ಟಿಗೆಯಿಂದ ಜಪಾನಿನವರದೇ ಆದ ಪುಟ್ಟ ಕಂಟ್ರೋಲ್ ಡಬ್ಬಿಗೆ, ಡಬ್ಬಿಯಿಂದ ಹಳಿಗೆ ತಂತಿ. ಇಂಜಿನ್ನು ಗುಂಯ್ ಎಂದು ಹೊರಡುತ್ತಲೇ ರಾಯರು ಕಣ್ಣು ಮುಚ್ಚಿ ತಲೆದೂಗುತ್ತಿದ್ದರು. "ಕೇಳ್ರೀ ನಂಜುಂಡಯ್ಯ, ಇದು ಶಬ್ದ ಅಲ್ಲ, ಸಂಗೀತ. ನಮ್ಮವರು ಏಳು ಜನ್ಮ ಎತ್ತಿ ಬಂದ್ರೂ ಇದು ಬರಲ್ಲ." ನಂಜುಂಡಯ್ಯ ಎಂದರೆ ನಮ್ಮಣ್ಣ. ಅವನು ಕೈ ಹಿಂದೆ ಕಟ್ಟಿ ನಿಂತು, "ಹೌದು ಸಾರ್" ಎನ್ನುತ್ತಿದ್ದ. ಅವನ ಕಣ್ಣು ಮಾತ್ರ ಗಾಲಿಯ ಕಡ್ಡಿಗಳ ಮೇಲೇ ಇರುತ್ತಿತ್ತು.

ನನಗೆ ಹನ್ನೊಂದು ವರ್ಷವಾಗಿದ್ದಾಗ ಕಾರ್ಖಾನೆ ರಾಯರನ್ನು ಉತ್ತರದ ಕಡೆಯ ಇನ್ನೊಂದು ಘಟಕಕ್ಕೆ ಒಂದು ವರ್ಷದ ಮಟ್ಟಿಗೆ ಕಳಿಸಿತು. ಸೀತತ್ತೆಯೂ ಹೊರಟರು. ಮನೆಯ ಬೀಗದ ಕೈ ನಮ್ಮಮ್ಮನ ಸೆರಗಿಗೆ ಬಂತು. ಸಂಜೆ ಹೊತ್ತು ಹೋಗಿ ತುಳಸಿಗೆ ನೀರು ಹಾಕಿ, ದೇವರ ಮುಂದೆ ದೀಪ ಹಚ್ಚಿ ಬರುವುದು ನನ್ನ ಕೆಲಸ. "ದೀಪ ಹಚ್ಚು, ಬಾಗಿಲು ಹಾಕು, ಬಾ. ಬೇರೆ ಏನನ್ನೂ ಮುಟ್ಬೇಡ" ಎಂದು ಅಮ್ಮ ದಿನಾ ಹೇಳುತ್ತಿದ್ದಳು. ದಿನಾ ಹೇಳಿದ್ದೇ ತಪ್ಪಾಯಿತೇನೋ! ಮುಟ್ಟಬಾರದ್ದು ಯಾವುದು ಎಂದು ನನಗೆ ಮರೆಯದ ಹಾಗೆ ಆಯಿತು.

ಮೊದಲ ವಾರ ಗಾಜಿನ ಬೀರು ತೆರೆದು ಮೂಸಿದೆ. ಎರಡನೇ ವಾರ ಇಂಜಿನ್ನನ್ನು ಅಂಗೈ ಮೇಲೆ ಇಟ್ಟುಕೊಂಡೆ. ಮೂರನೇ ವಾರ ಮೇಜಿನ ಮೇಲೆ ಹಳಿ ಜೋಡಿಸಿದೆ. ಆ ಕಬ್ಬಿಣದ ಪೆಟ್ಟಿಗೆ ನನ್ನ ಕೈಗೆ ಅಲ್ಲಾಡಲಿಲ್ಲ. ಅದೇನೋ ದೊಡ್ಡವರ ಶೋಕಿ ಎಂದುಕೊಂಡು, ಜಪಾನ್ ಡಬ್ಬಿಯ ತಂತಿಯನ್ನೇ ನೇರವಾಗಿ ಗೋಡೆಗೆ ಸಿಕ್ಕಿಸಿ ಸ್ವಿಚ್ಚು ಒತ್ತಿದೆ.

ಅಬ್ಬಾ, ಏನು ಓಟ ಅಂತೀರಿ! ರಾಯರ ಕೈಯಲ್ಲಿ ಮದುವೆಯ ಮೆರವಣಿಗೆಯ ಹಾಗೆ ಹೋಗುತ್ತಿದ್ದ ಇಂಜಿನ್ನು ಹುಚ್ಚು ಹಿಡಿದಂತೆ ಓಡಿತು. ನಾನು ಚಪ್ಪಾಳೆ ತಟ್ಟಿದೆ. ಎರಡನೇ ಸುತ್ತಿಗೆ ತಿರುವಿನಲ್ಲಿ ಹಳಿ ಬಿಟ್ಟು ಹಾರಿ, ಮೇಜಿನಿಂದ ಕೆಂಪು ಗಾರೆಯ ನೆಲಕ್ಕೆ ಬಿತ್ತು. ಡಬ್ಬಿಯಿಂದ ಹೊಗೆ, ಇಂಜಿನ್ನಿನಿಂದ ಹೊಗೆ. ಉಗಿಬಂಡಿಯಿಂದ ಹೊಗೆ ಬಂದದ್ದು ಅದೇ ಮೊದಲು, ಅದೇ ಕೊನೆ. ನಾನು ಕಿರುಚಿಕೊಂಡೆ.

ಅಣ್ಣ ಓಡಿಬಂದವನು ಮೊದಲು, "ಕೈ ತೋರ್ಸು" ಎಂದ. ಎರಡೂ ಅಂಗೈ ತಿರುಗಿಸಿ ತಿರುಗಿಸಿ ನೋಡಿದ. ಆಮೇಲೆ ಇಂಜಿನ್ನನ್ನು ಎತ್ತಿಕೊಂಡು ಅಲ್ಲೇ ನೆಲದ ಮೇಲೆ ಕೂತುಬಿಟ್ಟ. ಮೈ ಅಪ್ಪಚ್ಚಿಯಾಗಿತ್ತು, ಹಲ್ಲಿನ ಚಕ್ರ ಮುರಿದಿತ್ತು, ಮೋಟಾರು ಸುಟ್ಟು ಕರಕಲಾಗಿತ್ತು. ಅಮ್ಮ ತಲೆಯ ಮೇಲೆ ಕೈ ಹೊತ್ತು, "ಮನೆ ಖಾಲಿ ಮಾಡಿ ಅಂದ್ರೆ ಎಲ್ಲಿಗ್ರೀ ಹೋಗೋದು? ನಿಮ್ಮ ಕೆಲಸಕ್ಕೂ ಕಲ್ಲು ಬಿತ್ತಲ್ಲ! ಒಂದು ಕಾಗದ ಬರೆದು ತಪ್ಪಾಯ್ತು ಅನ್ನಿ" ಎಂದಳು. ಅಣ್ಣ ಮುರಿದ ಚೂರುಗಳನ್ನೆಲ್ಲ ಕರವಸ್ತ್ರಕ್ಕೆ ಆಯ್ದುಕೊಂಡು, "ಮಗೂ ಹೆಸರು ಆಚೆ ಬರಬಾರದು. ಒಂದು ವರ್ಷ ಟೈಮಿದೆ. ನಾನೇ ಮಾಡ್ತೀನಿ. ಇದು ನಮ್ಮ ಮೂರು ಜನದಲ್ಲೇ ಇರಲಿ" ಎಂದ. ನಮ್ಮಿಬ್ಬರಿಂದಲೂ ನನ್ನ ತಲೆ ಮುಟ್ಟಿಸಿ ಆಣೆ ಹಾಕಿಸಿಕೊಂಡ.

ಅಲ್ಲಿಂದ ಶುರುವಾಯಿತು ನೋಡಿ ನಮ್ಮ ಮನೆಯ ರೈಲ್ವೆ ಕಾರ್ಖಾನೆ. ಕಿಟಕಿಯ ಹಲಗೆಗೆ ಲೋಹವನ್ನು ಕಚ್ಚಿ ಹಿಡಿಯುವ ಒಂದು ವೈಸು ಬಿಗಿದಾಯಿತು. ಹಿತ್ತಾಳೆ ತಗಡು ಗುಜರಿಯಿಂದ ಬಂತು. ಸೆಕೆಂಡ್ ಶಿಫ್ಟಿನ ವಾರ ಬೆಳಗೆಲ್ಲ, ಬೇರೆ ವಾರ ಭಾನುವಾರ, ಅಣ್ಣ ಲೋಹ ಉಜ್ಜುವ ಅರ ಹಿಡಿದು ಕಿಟಕಿಯ ಮುಂದೆ. ಬೆಸುಗೆಯ ಕಬ್ಬಿಣ ಕಾಯಿಸಲು ಅಮ್ಮನ ಪಂಪ್ ಸ್ಟವ್ವೇ ಬೇಕು. "ಸಾರಿಗೆ ಒಗ್ಗರಣೆ ಹಾಕೋ ಹೊತ್ತಿಗೇ ನಿಮ್ಮ ಇಂಜಿನ್ ಒಲೆ ಕೇಳುತ್ತಲ್ರೀ!" ಎಂದು ಅಮ್ಮ ಸೌಟು ಹಿಡಿದು ನಿಲ್ಲುತ್ತಿದ್ದಳು. ಕಾರ್ಖಾನೆಯ ಲೇಥಿನಲ್ಲಿ ಮಾಡಿಕೊಂಡರೆ ಮೂರು ದಿನದ ಕೆಲಸ ಎಂದು ಅಮ್ಮ ಅಂದದ್ದಕ್ಕೆ ಅಣ್ಣ, "ಅದು ಕಂಪನಿ ಮಿಷನ್ನು, ನಮ್ಮನೆ ಪಾಪಕ್ಕಲ್ಲ" ಎಂದುಬಿಟ್ಟ. ಹಲ್ಲಿನ ಚಕ್ರವನ್ನೂ ಕೈಯಲ್ಲೇ, ಒಂದೊಂದೇ ಹಲ್ಲು ಅರ ಹಾಕಿ ಮಾಡಿದ.

ನನಗೆ ಶಿಕ್ಷೆಯೆಂದರೆ ಎಣಿಸುವುದು. ಮೋಟಾರಿಗೆ, ಆಮೇಲೆ ಸುಟ್ಟ ಕಂಟ್ರೋಲ್ ಡಬ್ಬಿಗೆ, ಕೂದಲಿಗಿಂತ ಸಣ್ಣ ತಾಮ್ರದ ತಂತಿಯನ್ನು ಅಣ್ಣ ಸುತ್ತಬೇಕು, ನಾನು ಸುತ್ತು ಎಣಿಸಬೇಕು. ನೂರೆಂಬತ್ತು ದಾಟಿತು ಎನ್ನುವಾಗ ಯಶವಂತಪುರದ ಸ್ಟೇಷನ್ನಿನಲ್ಲಿ ಒಂದು ಗೂಡ್ಸು ಕೂಗು ಹಾಕುತ್ತಿತ್ತು, ನನ್ನ ಲೆಕ್ಕ ತಪ್ಪುತ್ತಿತ್ತು. ಅಣ್ಣ ಒಂದು ಮಾತೂ ಬೈಯದೆ ಎಲ್ಲ ಬಿಚ್ಚಿ ಮತ್ತೆ ಒಂದರಿಂದ ಶುರುಮಾಡುತ್ತಿದ್ದ. ಬೈದಿದ್ದರೆ ಎಷ್ಟೋ ಚೆನ್ನಾಗಿರುತ್ತಿತ್ತು.

ಒಂದು ಬೆಳಿಗ್ಗೆ ಅವನು ಕಣ್ಣಿಗೆ ಸಿಕ್ಕಿಸುವ ಮಸೂರದಲ್ಲಿ ಜಪಾನಿನ ಹಳೆಯ ತಗಡನ್ನು ನೋಡುತ್ತಿದ್ದವನು ಹಠಾತ್ತನೆ, "ಪುಟ್ಟೀ, ಬಾ ಇಲ್ಲಿ" ಎಂದು ಕೂಗಿದ. ಮಸೂರವನ್ನು ನನ್ನ ಕಣ್ಣಿಗೆ ಹಿಡಿದ. ಒಳಮೈಯಲ್ಲಿ, ಯಾರ ಕಣ್ಣಿಗೂ ಬೀಳದ ಜಾಗದಲ್ಲಿ, ಸಣ್ಣ ಸಣ್ಣ ಓರೆ ಗೀರುಗಳು.

"ಕಾಣ್ತಾ? ಅರದ ಗುರುತು ಅದು. ನಾನು ದೊಡ್ಡ ಮಿಷನ್ನು ಢಬ್ ಢಬ್ ಅಂತ ಉದುರಿಸಿರುತ್ತೆ ಅಂದ್ಕೊಂಡಿದ್ದೆ. ಇಲ್ಲ ಕಣೇ. ಅಲ್ಲೂ ಯಾರೋ ನನ್ನಂಥೋನು ಕಿಟಕಿ ಮುಂದೆ ಕೂತ್ಕೊಂಡು ಉಜ್ಜಿದಾನೆ. ಎಡಗಡೆಯಿಂದ ಉಜ್ಜಿದಾನೆ ನೋಡು. ಎಡಚ ಇರಬೇಕು."

ಅಣ್ಣನ ಮುಖ ಅಷ್ಟು ಬೆಳಗಿದ್ದನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ಆಮೇಲೆ ಕೆಲಸ ಮಾಡುವಾಗೆಲ್ಲ ಅವನು ಆ ಕಾಣದ ಮನುಷ್ಯನೊಂದಿಗೆ ಮಾತಾಡುತ್ತಿದ್ದ. "ಇಲ್ಲಿ ಹೆಂಗಪ್ಪಾ ಬಗ್ಗಿಸ್ದೆ ನೀನು?" ಎನ್ನುತ್ತಿದ್ದ. ಅಮ್ಮ ಇಣುಕಿ ನೋಡಿ, "ಯಾರ ಜೊತೆ ಮಾತು?" ಎಂದರೆ, "ಜಪಾನೋನ ಜೊತೆ" ಎನ್ನುತ್ತಿದ್ದ.

ಬಣ್ಣಕ್ಕೂ ಬಹಳ ಪಾಡುಪಟ್ಟೆವು. ಸೈಕಲ್ಲಿಗೆ ಬಳಿಯುವ ಕಪ್ಪು ಮಿರಮಿರ ಮಿಂಚಿತು. ಅದಕ್ಕೆ ದೀಪದ ಕಾಡಿಗೆ ಬೆರೆಸಿ ಬೆರೆಸಿ ಕೊನೆಗೆ ಜಪಾನಿನ ಮಂಕು ಕಪ್ಪು ಬಂತು. ಆಗ ನನಗೆ ಹೊಳೆಯಿತು, ವಾಸನೆ! ನಮ್ಮ ಇಂಜಿನ್ನು ಸೈಕಲ್ ಅಂಗಡಿಯ ವಾಸನೆ ಹೊಡೆಯುತ್ತಿತ್ತು. ಅಮ್ಮ ಹೋಗಿ ಟ್ರಂಕಿನ ತಳದಿಂದ ಆ ಫಾರಿನ್ ಸೋಪಿನ ಕಾಗದ ತಂದುಕೊಟ್ಟಳು. ಎಸೆದಿರಲಿಲ್ಲ, ಪುಣ್ಯಾತ್ಗಿತ್ತಿ. ಇಂಜಿನ್ನನ್ನು ಅದರಲ್ಲಿ ಸುತ್ತಿ ರಾಯರ ರಟ್ಟಿನ ಪೆಟ್ಟಿಗೆಯೊಳಗೆ ಒಂದು ತಿಂಗಳು ಮಲಗಿಸಿದೆವು.

ಒಟ್ಟು ಒಂಬತ್ತು ತಿಂಗಳು ಹಿಡಿಯಿತು. ಜಪಾನಿನದು ಎಂದು ಉಳಿದದ್ದು ಗಾಲಿಗಳು, ಮೋಟಾರಿನ ಆಯಸ್ಕಾಂತ, ಊರ ಹೆಸರು ಒತ್ತಿದ್ದ ತಳದ ಚೌಕಟ್ಟು. ಮಿಕ್ಕದ್ದೆಲ್ಲ ಯಶವಂತಪುರದ್ದು.

ರಾಯರು ವಾಪಸ್ಸು ಬಂದ ಮೊದಲ ಭಾನುವಾರ ನಡುಮನೆಗೆ ಬುಲಾವ್ ಬಂತು. ನಾನು ಬಾಗಿಲ ಮರೆಯಲ್ಲಿ ನಿಂತು ಗೊತ್ತಿದ್ದ ದೇವರಿಗೆಲ್ಲ ಹರಕೆ ಹೊತ್ತೆ. ರಾಯರು ಸ್ವಿಚ್ಚು ಒತ್ತಿದರು. ಇಂಜಿನ್ನು ಗುಂಯ್ ಎಂದಿತು. ರಾಯರು ಕಣ್ಣು ಮುಚ್ಚಿದರು.

"ನೋಡಿದ್ರಾ ನಂಜುಂಡಯ್ಯ! ಒಂದು ವರ್ಷ ಮೂಲೇಲಿ ಬಿದ್ದಿದ್ರೂ ಅದೇ ಸಂಗೀತ. ನಮ್ಮವರು ಮಾಡಿದ್ದಾಗಿದ್ರೆ ಇಷ್ಟೊತ್ತಿಗೆ ತುಕ್ಕು ಹಿಡಿದು ಕೂತಿರ್ತಿತ್ತು."

"ಹೌದು ಸಾರ್" ಎಂದ ಅಣ್ಣ. ಮನೆಗೆ ಬಂದು ಬಾಗಿಲು ಹಾಕಿಕೊಂಡು ನಾವು ಮೂವರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು.

ಕಥೆ ಅಲ್ಲಿಗೇ ಮುಗಿದಿದ್ದರೆ ಎಲ್ಲರಿಗೂ ಸುಖ. ಆದರೆ ಅಣ್ಣನ ಕೈಗೆ ಚಟ ಹತ್ತಿಬಿಟ್ಟಿತ್ತು. ಈ ಸಲ ತನ್ನದೇ ಇಂಜಿನ್ನು ಮಾಡುತ್ತೇನೆ ಎಂದ. ಯಲಹಂಕದಿಂದ ಚಿಕ್ಕಬಳ್ಳಾಪುರದ ಕಡೆಗೆ ಆಗ ಸಣ್ಣ ಹಳಿಯ ರೈಲು ಹೋಗುತ್ತಿತ್ತು. ಭಾನುವಾರ ಪ್ಯಾಸೆಂಜರ್ ಹತ್ತಿ ನಾನೂ ಅಣ್ಣನೂ ಯಲಹಂಕಕ್ಕೆ ಹೋಗುವುದು, ಅಲ್ಲಿ ನೀರು ಕುಡಿಯಲು ನಿಂತ ಆ ಪುಟ್ಟ ಇಂಜಿನ್ನಿಗೆ ಅಣ್ಣ ಟೇಪು ಹಿಡಿಯುವುದು, ನಾನು ನೋಟ್‌ಬುಕ್ಕಿನಲ್ಲಿ ಬರೆಯುವುದು. ರಾಜಾನುಕುಂಟೆ ಕಡೆಯವರೊಬ್ಬರು ಅದರ ಡ್ರೈವರು. ಮೇಲಿಂದ ಬಗ್ಗಿ ನೋಡಿ, "ಏನಣ್ಣೋ, ಅಳತೆ ತಗೊಂಡು ಇದ್ಕೂ ಅಂಗಿ ಒಲಿಸ್ತೀಯಾ? ಇಂಗೇ ಬಾ, ಒಟ್ಟೆ ಸುತ್ತಳತೆ ತಗೋ" ಎಂದು ಅಣ್ಣನನ್ನು ಕೈಹಿಡಿದು ಮೇಲಕ್ಕೆ ಎಳೆದುಕೊಂಡರು. ನನಗೆ ಸೀಟಿ ಊದಲು ಕೊಟ್ಟರು. ಆ ದಿನ ನನ್ನ ಮುಖಕ್ಕೆ ಮೆತ್ತಿದ ಮಸಿಯನ್ನು ಅಮ್ಮ ತೆಂಗಿನ ನಾರಿನಿಂದ ಉಜ್ಜಿ ತೆಗೆದಳು.

ಬಿಡುವಿದ್ದಾಗ ಒಂದಿಷ್ಟು, ಇಲ್ಲದಾಗ ಇಲ್ಲ ಎಂದು ವರ್ಷಗಟ್ಟಲೆ ಮಾಡಿದ ಮೇಲೆ ಯಲಹಂಕದ ಇಂಜಿನ್ನು ತಯಾರಾಯಿತು. ಅದೇ ಕೈ, ಅದೇ ಹಿತ್ತಾಳೆ, ಅದೇ ಕಾಡಿಗೆಯ ಕಪ್ಪು. ಜಪಾನಿನದಕ್ಕಿಂತ ಚೆನ್ನಾಗಿಯೇ ಓಡುತ್ತಿತ್ತು. ಅಣ್ಣ ಅದನ್ನು ರಾಯರಿಗೆ ಕಾಣಿಕೆಯಾಗಿ ಕೊಟ್ಟ. ರಾಯರು ಅಂಗೈ ಮೇಲಿಟ್ಟು ನೋಡಿ, "ಪರವಾಗಿಲ್ಲ, ಪ್ರಯತ್ನ ಚೆನ್ನಾಗಿದೆ. ಆದ್ರೆ ಫಿನಿಶಿಂಗು ನೋಡಿ..." ಎಂದು ರಾಗ ಎಳೆದು, ಗಾಜಿನ ಬೀರುವಿನ ಕೆಳಗಿನ ಅಂಕಣದಲ್ಲಿ ಚನ್ನಪಟ್ಟಣದ ಗೊಂಬೆಗಳ ಪಕ್ಕ ಇಟ್ಟರು. ಮೇಲಿನ ಅಂಕಣದಲ್ಲಿ ಜಪಾನ್. ಎರಡೂ ನಮ್ಮಣ್ಣನವೇ. ನನಗೆ ಮೈಯೆಲ್ಲ ಉರಿದುಹೋಯಿತು. ಅಣ್ಣ ಮಾತ್ರ, "ಅವರ ಕಣ್ಣು ಅವರದು, ಬಿಡು" ಎಂದ.

ನನಗೆ ಹದಿನೇಳು ತುಂಬಿದ ವರ್ಷದ ದಸರಾ. ಸೀತತ್ತೆ ಬೊಂಬೆ ಕೂರಿಸುವುದೆಂದರೆ ಬೀದಿಗೇ ಹಬ್ಬ. ಮೆಟ್ಟಿಲು ಮೆಟ್ಟಿಲಾಗಿ ಪಟ್ಟದ ಬೊಂಬೆಗಳು, ಕೆಳಗೆ ನೆಲದ ಮೇಲೆ ಮಣ್ಣು ಹರಡಿ ರಾಗಿ ಮೊಳಕೆ ಬರಿಸಿದ ಹಸಿರು ಪಾರ್ಕು. ಒಂಬತ್ತು ದಿನವೂ ಪಾರ್ಕಿನ ಸುತ್ತ ಜಪಾನ್ ರೈಲು ಓಡುತ್ತಿತ್ತು. ಯಲಹಂಕದ ಇಂಜಿನ್ನನ್ನು ಸೀತತ್ತೆ ರಾಗಿ ಪೈರಿನ ನಡುವೆ ಒಂದು ಮಣ್ಣಿನ ಹಸುವಿನ ಪಕ್ಕ ನಿಲ್ಲಿಸಿದ್ದರು.

ಆಯುಧಪೂಜೆಯ ಸಂಜೆ ಮರಿಯಪ್ಪನವರು ಬಂದರು. ಪೀಣ್ಯದಲ್ಲಿ ಅವರದೊಂದು ಶೆಡ್ಡು, ರಾಯರ ಕಾರ್ಖಾನೆಗೆ ಸಣ್ಣಪುಟ್ಟ ಭಾಗ ಮಾಡಿಕೊಡುತ್ತಿದ್ದರು. ಹೊರಗಿನ ರೈಲು ತರಿಸುವುದಕ್ಕೆ ಸರ್ಕಾರ ಬಿಡುವುದಿಲ್ಲ, ಇಲ್ಲೇ ಮಾಡಿದರೆ ಕೊಳ್ಳುವವರಿದ್ದಾರೆ ಎಂದು ಅವರ ತಲೆಗೆ ಹೊಕ್ಕಿತ್ತು. ಅಣ್ಣನ ಕೈಗುಣ ಕೇಳಿ ತಿಳಿದಿದ್ದರು. ಇಡೀ ಶೆಡ್ಡಿನ ಒಂದು ಪಕ್ಕ ಅಣ್ಣನಿಗೇ ಬಿಟ್ಟುಕೊಡುವ ಮಾತು ಆಡಿದ್ದರು. ರಾಯರು ಒಮ್ಮೆ ಹೂಂ ಎಂದರೆ ಮುಗಿಯಿತು. ಅಣ್ಣ ಆ ತಿಂಗಳೆಲ್ಲ ಊಟದ ಮುಂದೆ ಕೂತು ಅದನ್ನೇ ಮಾತಾಡಿದ್ದ. ಯಾರೋ ಬರೆದುಕೊಟ್ಟ ನಕ್ಷೆ ಹಿಡಿಯದೆ ತನ್ನದೇ ಇಂಜಿನ್ನು ಮಾಡುವ ಬೆಂಚು, ಉತ್ತರದ ಬೆಳಕು ಬೀಳುವ ಕಿಟಕಿ. ಐವತ್ತು ಹತ್ತಿರವಾದ ಮನುಷ್ಯ ಅಷ್ಟು ಆಸೆಪಟ್ಟು ಮಾತಾಡುವುದನ್ನು ಕೇಳಿದರೆ ನನಗೆ ಹೆದರಿಕೆಯಾಗುತ್ತಿತ್ತು.

ನಡುಮನೆಯಲ್ಲಿ ಅಣ್ಣ ಕೈ ಹಿಂದೆ ಕಟ್ಟಿ ನಿಂತಿದ್ದ. ನಾನು ಕಡಲೆಕಾಳು ಉಸಲಿಯ ದೊನ್ನೆಗಳ ತಟ್ಟೆ ಹಿಡಿದಿದ್ದೆ. ರಾಯರು ಜಪಾನ್ ರೈಲು ಓಡಿಸಿದರು. "ಕೇಳ್ರೀ ಮರಿಯಪ್ಪ, ಸಂಗೀತ. ಈಗ ಇದನ್ನ ನೋಡಿ" ಎಂದು ಯಲಹಂಕದ ಇಂಜಿನ್ನನ್ನು ರಾಗಿ ಪೈರಿನಿಂದ ಎತ್ತಿ ಹಳಿಗೆ ಇಟ್ಟರು. ಅದೂ ಚೆನ್ನಾಗಿಯೇ ಓಡಿತು.

"ಓಡುತ್ತೆ, ಇಲ್ಲ ಅನ್ನಲ್ಲ. ಆದ್ರೆ ಜೀವ ಇಲ್ಲ. ಕೊನೇದಾಗಿ ಇನ್ನೊಂದು ಉಜ್ಜು ಉಜ್ಜೋ ತಾಳ್ಮೆ ನಮ್ಮವರಿಗಿಲ್ಲ ಮರಿಯಪ್ಪ. ಈ ಕೈಯಿಂದ ಆ ಕೆಲಸ ಆಗಲ್ಲ. ಸುಮ್ನೆ ಕೈ ಸುಟ್ಕೋಬೇಡಿ."

ಅಣ್ಣ ತನ್ನ ಕೈ ನೋಡಿಕೊಂಡ. ಅಷ್ಟೇ. ಬಾಯಿ ಬಿಡಲಿಲ್ಲ. ಬಿಟ್ಟರೆ ನನ್ನ ಹೆಸರು ಬರುತ್ತದಲ್ಲ.

ನನ್ನಿಂದ ತಡೆಯಲಾಗಲಿಲ್ಲ. ತಟ್ಟೆಯನ್ನು ಮೆಟ್ಟಿಲ ಮೇಲೆ, ಪಟ್ಟದ ರಾಣಿಯ ಕಾಲ ಹತ್ತಿರ ಕುಕ್ಕಿದೆ. "ಮಾಮಾ, ಆ ಎರಡೂ ಒಂದೇ ಕೈಯಿಂದ ಆಗಿರೋದು! ನಿಮ್ಮ ಜಪಾನ್ ಇಂಜಿನ್ನ ನಾನು ಆರು ವರ್ಷದ ಹಿಂದೇನೇ ಸುಟ್ಟು ಹಾಕಿದೀನಿ. ನೀವು ಕಣ್ಮುಚ್ಚಿ ಕೇಳ್ತೀರಲ್ಲ, ಆ ಸಂಗೀತ ನಮ್ಮಣ್ಣಂದು!" ಎಂದುಬಿಟ್ಟೆ. ಸುತ್ತಿನ ಲೆಕ್ಕ, ಸೋಪಿನ ಕಾಗದ, ದೀಪದ ಕಾಡಿಗೆ, ಎಲ್ಲವನ್ನೂ ಒಂದೇ ಉಸಿರಿಗೆ ಒದರಿದೆ. ಸೀತತ್ತೆ, "ಅಯ್ಯೋ ರಾಮ!" ಎಂದು ಬಾಯಿ ಮೇಲೆ ಕೈ ಇಟ್ಟುಕೊಂಡರು.

ರಾಯರು ಜಪಾನ್ ಇಂಜಿನ್ನನ್ನು ಮತ್ತೆ ಹಳಿಗಿಟ್ಟು ಓಡಿಸಿದರು. ಈ ಸಲ ಕಣ್ಣು ಮುಚ್ಚಲಿಲ್ಲ. ಎರಡು ಸುತ್ತು ಕೇಳಿ, ಹುಬ್ಬು ಗಂಟಿಕ್ಕಿ, "ಹಾಂ... ಅದಕ್ಕೇ ನೋಡಿ. ಆ ತಿರುವಿನಲ್ಲಿ ಒಂಥರಾ ಶಬ್ದ. ನಂಗೆ ಮೊದಲಿಂದಲೂ ಅನುಮಾನ ಇತ್ತು" ಎಂದರು.

ಮರಿಯಪ್ಪನವರ ಕಣ್ಣು ಮಾತ್ರ ಅಗಲವಾಗಿತ್ತು. "ಏನ್ ಕೈ ಗುರೂ ನಿಮ್ದು! ಇದನ್ನ ಮಾಡೋಕೆ ಎಷ್ಟು ದಿನ ಹಿಡೀತು?" ಎಂದು ಅಣ್ಣನನ್ನು ಕೇಳಿದರು.

ನಾನು ಮನಸ್ಸಿನಲ್ಲೇ, ಒಂದು ತಿಂಗಳು ಅನ್ನಣ್ಣ, ಒಂದೇ ಒಂದು ಸಲ ಸುಳ್ಳು ಹೇಳು ಎಂದುಕೊಂಡೆ.

"ಒಂಬತ್ತು ತಿಂಗಳು" ಎಂದ ಅಣ್ಣ.

"ಮುಂದಿನದಕ್ಕೆ?"

"ಅದಕ್ಕೂ ಅಷ್ಟೇ. ಅವಸರ ಮಾಡಿದ್ರೆ ಇದು ಬರಲ್ಲ ಮರಿಯಪ್ಪನೋರೇ."

ಮರಿಯಪ್ಪನವರು ತಲೆ ಕೆರೆದುಕೊಂಡು, "ಹಸು ಕರು ಹಾಕ್ದಂಗಾಯ್ತಲ್ಲಪ್ಪ!" ಎಂದು ನಕ್ಕರು. ಒಳ್ಳೆಯ ಮನುಷ್ಯರು, ಉಸಲಿ ತಿಂದು, ಕೈ ಮುಗಿದು ಹೋದರು. ಆಮೇಲೆ ಆ ಶೆಡ್ಡಿನಲ್ಲಿ ಪ್ಲಾಸ್ಟಿಕ್ ಬಕೆಟ್ಟು ಮಾಡಿ ಚೆನ್ನಾಗಿ ಬೆಳೆದರು. ನಮ್ಮ ಬಚ್ಚಲಿಗೂ ಅವರದೇ ಒಂದು ಬಕೆಟ್ಟು ಬಂತು.

ಮನೆಗೆ ಬಂದು ನಾನು ಅಣ್ಣ ಬೆನ್ನು ತಟ್ಟುತ್ತಾನೆ ಎಂದು ಕಾದೆ. ಅವನು ಕಿಟಕಿಯ ವೈಸಿನ ಮುಂದೆ ಕೂತು, ಗೋಡೆ ನೋಡುತ್ತಾ ಹೇಳಿದ. "ಆರು ವರ್ಷ ಅದು ಜಪಾನ್ ಆಗಿತ್ತು ಕಣೇ. ಒಂದು ನಿಮಿಷದಲ್ಲಿ ಯಶವಂತಪುರ ಮಾಡಿಬಿಟ್ಟೆ."

ನಾನು ಗೊಳೋ ಎಂದು ಅತ್ತೆ. ಅವತ್ತು ಸುಟ್ಟಿದ್ದಕ್ಕಿಂತ ದೊಡ್ಡ ತಪ್ಪು ಇವತ್ತು ಮಾಡಿದೆ ಎನಿಸಿತು. ಅದೇ ರಾಯರು, ಅದೇ ಕಿವಿ, ಯಾರು ಮಾಡಿದ್ದೆಂದು ಗೊತ್ತಾಗದೆ ಇದ್ದಷ್ಟು ದಿನ ಅವರಿಂದ ಅಣ್ಣನಿಗೆ ಭಾನುವಾರ ಭಾನುವಾರ ಸಲ್ಲುತ್ತಿದ್ದ ಮೆಚ್ಚುಗೆ ನಿಜವಾದದ್ದು. ಅದನ್ನೇ ನಾನು ಕಿತ್ತುಕೊಂಡಿದ್ದೆ. ಅಮ್ಮ ಆಗಲೇ ಅಟ್ಟದಿಂದ ಗೋಣಿಚೀಲ ಇಳಿಸಿ, ಯಾವ ಪಾತ್ರೆ ಯಾವುದರಲ್ಲಿ ಎಂದು ನೋಡುತ್ತಿದ್ದಳು.

ಮಾರನೆಯ ದಿನ ವಿಜಯದಶಮಿ. ಬೆಳಗಿನ ಪೂಜೆ ಮುಗಿದ ಹೊತ್ತಿಗೆ ಹಿತ್ತಲಿನಲ್ಲಿ ಚಪ್ಪಲಿಯ ಸದ್ದಾಯಿತು. ರಾಯರು! ಅಷ್ಟು ವರ್ಷದಲ್ಲಿ ಅವರು ನಮ್ಮ ಮನೆಯ ಬಾಗಿಲಿಗೆ ಬಂದವರೇ ಅಲ್ಲ, ಏನಿದ್ದರೂ ಕೂಗಿ ಕರೆಯುತ್ತಿದ್ದರು. ಅಮ್ಮ ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡಳು. ರಾಯರು ಅಡ್ಡಪಂಚೆಯಲ್ಲಿ, ಜಪಾನಿನ ರಟ್ಟಿನ ಪೆಟ್ಟಿಗೆ ಎದೆಗೆ ಅವುಚಿಕೊಂಡು ಹೊಸ್ತಿಲ ಆಚೆ ನಿಂತಿದ್ದರು. ಕಣ್ಣು ಕೆಂಪಾಗಿತ್ತು. ವೈಸು, ಅರ, ಹಿತ್ತಾಳೆಯ ಪುಡಿ ಬಿದ್ದ ಕಿಟಕಿ ಎಲ್ಲವನ್ನೂ ಒಂದೊಂದಾಗಿ ನೋಡಿದರು.

"ಇಲ್ಲೇನಾ ನಂಜುಂಡಯ್ಯ?"

"ಇಲ್ಲೇ ಸಾರ್."

ರಾಯರು ಪೆಟ್ಟಿಗೆ ಮುಂದೆ ಚಾಚಿದರು. "ನಂಗೆ ರಾತ್ರಿ ಊಟ ಸೇರಲಿಲ್ಲ. ಇದರ ಮೇಲೆ ನಿಮ್ಮ ಹೆಸರು ಕೆತ್ತಿಕೊಡಿ. ನೋಡೋಕೆ ಬಂದವರು ಓದಲಿ."

ಅಣ್ಣ ಇಂಜಿನ್ನನ್ನು ಹೊರತೆಗೆದ. ಪಂಚೆಯ ಚುಂಗಿನಿಂದ ಒಮ್ಮೆ ಒರೆಸಿದ. ಗಾಲಿಯನ್ನು ಬೆರಳಿನಿಂದ ತಿರುಗಿಸಿ ಕಿವಿಯ ಹತ್ತಿರ ಹಿಡಿದು ಕೇಳಿದ. ಮತ್ತೆ ಪೆಟ್ಟಿಗೆಯೊಳಗೆ ಮಲಗಿಸಿ, ಮುಚ್ಚಳ ಹಾಕಿ, ರಾಯರ ಕೈಗೇ ಕೊಟ್ಟು ಹೇಳಿದ.

"ಬೇಡಿ ಸಾರ್. ನನ್ನ ಹೆಸರು ಹಾಕಿದ್ರೆ ತಿರುವಿನಲ್ಲಿ ಆ ಶಬ್ದ ಇನ್ನೂ ಜಾಸ್ತಿ ಕೇಳ್ಸುತ್ತೆ."